ಗೆಣಸಿನ ಹೋಳಿಗೆ

ಸುಂಕದಕಟ್ಟೆ
೧೭–೯–೨೦೦೬, ಭಾನುವಾರ

ಚಿ. ರೇವಣಸಿದ್ದನಿಗೆ ನಿನ್ನ ತಾಯಿ ಮಾಡುವ ಆಶೀರ್ವಾದ.

ಮೈಕೈ ಹೇಗಿದೆ? ರಾಯಪುರದ ಸೆಕೆಗೆ ಮೂಗಲ್ಲಿ ರಕ್ತ ಬರೋದು ನಿಂತಿದೆಯಾ? ಲಿಫ್ಟ್ ಕೂರಿಸುವಾಗ ಎತ್ತರದಲ್ಲಿ ನಿಂತಿರ್ತೀಯ, ಬೆಲ್ಟು ಹಾಕ್ಕೊಳ್ಳೋದು ಮರೀಬೇಡ. ಕೇಳಬೇಕಾದ್ದು ಕೇಳಿದೆ. ಇನ್ನು ಮುಂದೆ ಈ ಕಾಗದದಲ್ಲಿ ನಿನಗೆ ಒಳ್ಳೇ ಮಾತು ಸಿಗಲ್ಲ. ಫೋನಲ್ಲಿ ಹೇಳೋಣ ಅಂದ್ರೆ, ಮಾತು ನಿನ್ನ ಬುಡಕ್ಕೆ ಬಂದ ತಕ್ಷಣ ಸಿಗ್ನಲ್ ಇಲ್ಲಮ್ಮ ಅಂತ ಇಟ್ಟುಬಿಡ್ತೀಯ. ಕಾಗದಕ್ಕೆ ಸಿಗ್ನಲ್ ಬೇಕಾಗಿಲ್ಲ. ಕೂತು ಓದು.

ನಿನ್ನ ಹೆಂಡತಿ ಬ್ರಾಹ್ಮಿಲಾ ಹೊಸಿಲು ತುಳಿದ ದಿನದಿಂದ ಅವಳನ್ನ ಕಂಡ್ರೆ ನನಗೆ ಆಗ್ತಿರಲಿಲ್ಲ. ಜೈನರ ಹುಡುಗಿ ಅಂತಲ್ಲ, ಅದನ್ನ ಒಪ್ಪಿಕೊಂಡೇ ಅಕ್ಷತೆ ಹಾಕಿದ್ದೆ. ನೆಲದೊಳಗೆ ಬೆಳೆಯೋದು ಯಾವುದನ್ನೂ ತಿನ್ನಲ್ಲ ಅಂತ ಅವಳು ಮೊದಲನೇ ಊಟಕ್ಕೇ ತಟ್ಟೆ ಪಕ್ಕಕ್ಕಿಟ್ಟಳು ನೋಡು, ಅದಕ್ಕೆ. ನಿಮ್ಮಪ್ಪ ಯಶವಂತಪುರದಿಂದ ಮೂಟೆ ತಂದು ಆಲೂಗಡ್ಡೆ ಈರುಳ್ಳಿ ಮಾರಿಯೇ ನಿನ್ನ ಐಟಿಐ ಓದಿಸಿದ್ದು. ಈ ಮನೇಲಿ ಸೋಮವಾರ ಆಲೂಗಡ್ಡೆ ಹುಳಿ ಆದ್ರೆ ಮಂಗಳವಾರ ಮೂಲಂಗಿ, ಆಮೇಲೆ ಬೀಟ್‌ರೂಟ್ ಪಲ್ಯ, ಹಬ್ಬಕ್ಕೆ ಸುವರ್ಣಗೆಡ್ಡೆ. ಅಂಗಡೀಲಿ ಮಿಕ್ಕಿದ್ದೇ ನಮ್ಮ ಅಡುಗೆ, ನಿನ್ನ ಮೈ ಬೆಳೆದಿದ್ದೂ ಅದರಲ್ಲೇ. ಅಂಥ ಅನ್ನವನ್ನ ಇವಳು ಬೇಡ ಅಂದ್ರೆ ನಮ್ಮನ್ನೇ ಬೇಡ ಅಂದಂಗೆ ಅನ್ನಿಸ್ತು ನನಗೆ. ಆಗ ನೀನೇ ಅಲ್ವಾ ನನ್ನ ಒಳಗೆ ಕರ್ಕೊಂಡು ಹೋಗಿ, ಎರಡು ತಿಂಗಳು ತಡ್ಕೊಳ್ಳಮ್ಮ, ಎಲ್ಲಾ ತಿಂತೀನಿ ಅಂತ ಅವಳೇ ಮಾತು ಕೊಟ್ಟಿದಾಳೆ ಅಂದಿದ್ದು? ಹೇಳಿ ನೀನು ರೈಲು ಹತ್ತಿದೆ. ನಾನು ಕಾದೆ. ದಿನಾ ಅವಳ ಮುಂದೆ ಹುಳಿ ಪಾತ್ರೆ ಇಡ್ತಿದ್ದೆ. ಅವಳು ದಿನಾ ನನ್ನ ಮುಖ ನೋಡಿ, ಹೀರೇಕಾಯಿ ಹುರ್ಕೊಂಡು ಉಣ್ಣೋಳು. ಮಾತು ತಪ್ಪಿದವಳು ಅಂತ ನಾನು ಕುದೀತಿದ್ದೆ. ಅವಳ ಕಣ್ಣಲ್ಲೂ ಅದೇ ಕುದಿ ಇತ್ತು. ಯಾಕೆ ಅಂತ ನನಗೆ ತಿಳೀಲಿಲ್ಲ.

ಆಗಸ್ಟಲ್ಲಿ ನನಗೆ ಚಿಕುನ್‌ಗುನ್ಯ ಬಂತು. ಬೀದಿ ತುಂಬಾ ಅದೇ ಆಗಿತ್ತು, ಪಕ್ಕದ ಮನೆ ಅಂಜನಮ್ಮನೂ ಗೋಡೆ ಹಿಡ್ಕೊಂಡೇ ನಡೀತಿದ್ದಳು. ನನಗೆ ಲೋಟ ಎತ್ತಕ್ಕೂ ಬೆರಳು ಮಡಚ್ತಿರಲಿಲ್ಲ, ಪೆನ್ನು ಹಿಡಿಯೋಕಾಗಿದ್ದೇ ಈ ವಾರ. ಅಡುಗೆ ಅವಳ ಪಾಲಿಗೆ ಬಂತು. ನಾನು ತಿನ್ನೋದಿಲ್ಲ ಅತ್ತೆ, ಮಾಡಿ ಹಾಕ್ತೀನಿ ಅಂದಳು. ಅದಕ್ಕೆ ಬೇರೆ ಈಳಿಗೆ ಇಟ್ಕೊಂಡು, ಸುವರ್ಣಗೆಡ್ಡೇನ ಹುಣಸೆ ನೀರಲ್ಲಿ ನೆನೆಸೋದು ಗೊತ್ತಿಲ್ಲದೆ ಕೈಯೆಲ್ಲ ತುರಿಸ್ಕೊಂಡು ಕೆಂಪು ಮಾಡ್ಕೊಂಡಳು. ನಾನು ಮಲಗಿದಲ್ಲಿಂದಲೇ ಬೈತಿದ್ದೆ. ರುಚಿ ನೋಡೋ ಹಾಗಿಲ್ಲವಲ್ಲ, ಒಂದು ದಿನ ಉಪ್ಪು ಜಾಸ್ತಿ, ಒಂದು ದಿನ ಸಪ್ಪೆ. ನಿಮ್ಮಪ್ಪ ತುಟಿ ಪಿಟ್ಟೆನ್ನದೆ ಉಣ್ಣೋರು. ಅವರು ಹಾಗೆ ಉಣ್ಣೋದು ನೋಡಿದ್ರೆ ನನಗೆ ಇನ್ನೂ ಸಿಟ್ಟು ಬರೋದು.

ನನ್ನ ನೋಡೋಕೆ ಅಂತ ನಿಮ್ಮ ಸೋದರತ್ತೆ ಕಸ್ತೂರೆವ್ವ ಹರಿಹರದಿಂದ ಬಂದ್ರು. ಮೊನ್ನೆ ಗುರುವಾರ ಅಡುಗೆಮನೆ ತಾವೇ ಹಿಡಿದು ಹೋಳಿಗೆ ಮಾಡಿದ್ರು. ಬರೀ ಬೇಳೆ ಹೂರಣ ಅಂತ ಬ್ರಾಹ್ಮಿಲಾಗೆ ಕೈಯಾರೆ ತುಪ್ಪ ಸುರಿದು ಬಡಿಸಿದ್ರು. ಪಾಪ, ಎಷ್ಟು ದಿನ ಆಗಿತ್ತೋ ಯಾರಾದ್ರೂ ಬಡಿಸಿ ಅವಳು ಉಂಡು, ಎರಡು ತಿಂದಳು. ಮೂರನೇದು ಹಾಕೋವಾಗ ಕಸ್ತೂರೆವ್ವ ಎಲ್ಲರೆದುರಿಗೆ ಅಂದ್ರು: “ಅರ್ಧಕ್ಕರ್ಧ ಗೆಣಸು ಕಣೇ ಅದು. ನಿಮ್ಮ ದೇವರೇನೂ ಸಾಯಲಿಲ್ಲವಲ್ಲ. ಇನ್ನು ನಮ್ಮೋಳಾದೆ ಬಿಡು.”

ಹುಡುಗಿ ತಟ್ಟೆ ಬಿಟ್ಟು ಎದ್ದಳು. ಬಚ್ಚಲಿಗೆ ಹೋಗಿ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿದ್ದು ಹೊರಗೆ ಕೇಳಿಸ್ತಿತ್ತು. ಆಮೇಲೆ ಮೂಲೇಲಿ ಚಾಪೆ ಮೇಲೆ ಕೂತಳು. ಆವತ್ತೂ ನೀರಿಲ್ಲ, ಮಾರನೇ ದಿನವೂ ಇಲ್ಲ. ನಾನು ಗೋಡೆ ಹಿಡ್ಕೊಂಡು ಹತ್ತಿರ ಹೋಗಿ ಕೂತಾಗ ಕೇಳಿದಳು: “ನಿಮಗೆ ಗೊತ್ತಿತ್ತಾ ಅತ್ತೆ?”

ಇಲ್ಲ ಅಂದೆ. ನಂಬಿದಳೋ ಇಲ್ಲವೋ. “ಮದುವೆಗೆ ಮುಂಚೆ ನೀವೇ ಒಪ್ಪಿದ್ರಂತಲ್ಲ, ನಾನು ಬಂದ ಮೇಲೆ ಈ ಮನೇಲಿ ಗೆಡ್ಡೆ ಬೇಯಿಸಲ್ಲ ಅಂತ. ದಿನಾ ಕಾಯ್ತಿದ್ದೆ,” ಅಂದಳು. ಅವರಪ್ಪನ ಹತ್ತಿರ ನಮ್ಮದು ಕಾಳುಕಡ್ಡಿ ಅಂಗಡಿ ಅಂದಿದ್ದೆಯಂತೆ. ನಿಜ ತಿಳಿದ ಮೇಲೂ ನಿನ್ನ ಮಾನ ಹೋಗಬಾರದು ಅಂತ ಅವಳು ತವರಿಗೆ ಬಾಯಿ ಬಿಟ್ಟಿಲ್ಲ.

ತಿಳೀತಾ ಏನು ಮಾಡಿದ್ದೀಯ ಅಂತ? ನನಗೊಂದು ಸುಳ್ಳು, ಅವಳಿಗೊಂದು ಸುಳ್ಳು, ಬೀಗರಿಗೊಂದು. ಮೂರನ್ನೂ ಹೇಳಿ ಸಾವಿರ ಮೈಲಿ ಆಚೆ ಹೋಗಿ ಕೂತೆ. ಯಾರೂ ಕೊಡದ ಮಾತಿಗೆ ನಾವಿಬ್ಬರೂ ಒಬ್ಬರ ಮೇಲೊಬ್ಬರು ಹಲ್ಲು ಕಡೀತಾ ಇದ್ವಿ. ನೀನು ಅಲ್ಲಿಂದ ಇಬ್ಬರಿಗೂ ಬೇರೆ ಬೇರೆ ಫೋನ್ ಮಾಡಿ, ಅಡ್ಜಸ್ಟ್ ಮಾಡ್ಕೊಳ್ಳಿ ಅಂತಿದ್ದೆ. ಕಸ್ತೂರೆವ್ವನಿಗೆ ನಿನ್ನೆ ಬೆಳಿಗ್ಗೆನೇ ಬ್ಯಾಗು ಕಟ್ಟಿಕೊಟ್ಟೆ. ನಮ್ಮ ಅಕ್ಕನ್ನ ಕಳಿಸಿಬಿಟ್ಟೆಯಾ ಅಂದ್ರು ನಿಮ್ಮಪ್ಪ. ಹೌದು ಅಂದೆ. ಅವರು ಅಂಗಡಿಗೆ ಹೋದ್ರು. ಒಳ್ಳೆಯವರೇ, ಆದ್ರೆ ಆ ಒಳ್ಳೆತನದಿಂದ ಯಾರಿಗೂ ಉಪಯೋಗ ಇಲ್ಲ. ನೀನು ಅವರ ಮಗ.

ಅವಳ ಮೇಲೆ ನನಗೀಗ ಪ್ರೀತಿ ಉಕ್ಕಿದೆ ಅಂತೇನೂ ತಿಳ್ಕೋಬೇಡ. ಹುಳಿಗೆ ಉಪ್ಪು ಹಾಕೋದು ಅವಳಿಗೆ ಈಗಲೂ ಬರಲ್ಲ, ನನ್ನ ಮಾತಿಗೆ ಮುಖ ತಿರುಗಿಸೋದೂ ಬಿಟ್ಟಿಲ್ಲ. ಆದ್ರೆ ಸುಳ್ಳು ಹೇಳಿದ್ದು ಅವಳಲ್ಲ.

ದೇವರು ನಿನಗೆ ಆಯುಷ್ಯ ಕೊಡಲಿ, ಅದಕ್ಕೆ ಮುಂಚೆ ಬುದ್ಧಿ ಕೊಡಲಿ.

ನಿನ್ನ ತಾಯಿ
ಬಸವ್ವ

ತಾ.ಕ.: ನಾಳೆ ಬೆಳಿಗ್ಗೆ ಗೊರಗುಂಟೆಪಾಳ್ಯದಲ್ಲಿ ಬಸ್ಸು ಹತ್ತಿ ಅವಳನ್ನ ಚನ್ನರಾಯಪಟ್ಟಣದ ತವರಿಗೆ ನಾನೇ ಕರ್ಕೊಂಡು ಹೋಗ್ತಿದೀನಿ. ನಮ್ಮದು ಯಾವ ಅಂಗಡಿ, ಏನು ಬೇಯಿಸ್ತೀವಿ, ಮೊನ್ನೆ ಅವಳಿಗೆ ಏನು ತಿನ್ನಿಸಿದ್ವಿ, ಎಲ್ಲಾ ಬೀಗರ ಮುಂದೆ ನನ್ನ ಬಾಯಿಂದಲೇ ಹೇಳ್ತೀನಿ. ಈ ಕಾಗದ ನಿನ್ನ ಕೈ ಸೇರೋ ಹೊತ್ತಿಗೆ ಹೇಳಿ ಮುಗಿದಿರುತ್ತೆ. ವಾಪಸ್ ಬರ್ತೀಯಾ ಅಂತ ನಾನು ಅವಳನ್ನ ಕೇಳಿಲ್ಲ. ಅವಳು ಸೂಟ್‌ಕೇಸು ಎರಡೂ ತುಂಬಿದಾಳೆ.