ಹೊಸಿಲಿಗೆ ಅಡ್ಡ ಮಲಗಿದ್ದು

ಮಗಳೇ ಬುರುಲ್ಚಾ,

ನೀನು ಮಣ್ಣು ಸೇರಿ ಹನ್ನೆರಡು ವರ್ಷ. ಓದುವುದಿಲ್ಲವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನಿನ್ನ ಮಗಳು ಝಿಪಾರ್ ಈಗ ಮದುವೆಗಳ ವಿಡಿಯೋ ತೆಗೆದು ಬದುಕುತ್ತಾಳೆ. ನಿನ್ನೆ ನಾರಿನ್‌ನ ಒಂದು ಮದುವೆಮನೆಗೆ ನಾನೂ ಜೊತೆಗೆ ಹೋಗಿದ್ದೆ. ನೋಡಿದರೆ ಹುಡುಗಿಯನ್ನು ಹೊತ್ತು ತಂದಿದ್ದರು, ನಿನ್ನನ್ನು ಹೊತ್ತೊಯ್ದ ಹಾಗೆಯೇ. ಹೆಂಗಸರು ಅವಳ ಕೈ ತಿರುಚಿ ತಲೆಗೆ ಬಿಳಿ ವಸ್ತ್ರ ಕಟ್ಟುತ್ತಿದ್ದರು; ಅದು ತಲೆಯ ಮೇಲೆ ನಿಂತರೆ ಮದುವೆಗೆ ಒಪ್ಪಿದ ಹಾಗೆ.

"ಅಳೋದು ಬೇಡ, ನಕ್ಕಾಗ ತೆಗಿಯೇ," ಎಂದಳು ವರನ ತಾಯಿ.

"ಅಲ್ಲೀವರೆಗೆ ಬ್ಯಾಟರಿ ಬರಲ್ಲಮ್ಮ," ಎಂದು ಝಿಪಾರ್ ತೆಗೆಯುತ್ತಲೇ ಇದ್ದಳು.

ವರನ ಅಣ್ಣ ಝಿಪಾರ್ ಬಾಯಿಗೆ ಗುದ್ದಿದ. ಇವಳು ಕ್ಯಾಮೆರಾ ಸ್ಟ್ಯಾಂಡ್ ಬೀಸಿ ಅವನ ಮೂಗು ಒಡೆದು, ಹುಡುಗಿಯ ಕೈ ಹಿಡಿದು ಬಾಗಿಲ ಕಡೆ ಓಡಿದಳು.

"ಏಯ್ ಮುದುಕಿ, ಹೊಸಿಲಿಗೆ ಅಡ್ಡ ಮಲಕ್ಕೋ! ಹಿರಿಯರನ್ನ ದಾಟಿದ್ರೆ ಶಾಪ ತಟ್ಟುತ್ತೆ!" ಎಂದು ಆ ಮನೆಯ ಹೆಂಗಸರು ನನ್ನನ್ನು ಹೊಸಿಲ ಮೇಲೆ ಕೆಡವಿದರು.

"ದಾಟ್ರೇ, ಶಾಪ ಹಾಕೋಳು ನಾನು ತಾನೇ?" ಎಂದೆ. ಹುಡುಗಿಯರಿಬ್ಬರೂ ದಾಟಿದರು. ಹಿಂದೆಯೇ ಗಂಡಸರು ಬಂದರು.

"ನೀವು ದಾಟಿ ನೋಡ್ರೋ, ನಿಮ್ಮ ವಂಶ ಒಣಗ್ಲಿ!"

ಪಕ್ಕೆಗೆ ಒದ್ದರು, ದಾಟಲಿಲ್ಲ. ಝಿಪಾರ್ ತನ್ನ ಕಾರನ್ನು ಬಾಗಿಲಿಗೇ ತಂದಳು, ನಾನು ತೆವಳಿ ಹೋಗಿ ಹತ್ತಿದೆ.

ಹುಡುಗಿಯ ಮನೆಯಲ್ಲಿ ಕದ ತಟ್ಟುವ ಮುಂಚೆಯೇ ಅವಳ ತಾಯಿ ತೆರೆದು ಮಗಳನ್ನು ತಬ್ಬಿಕೊಂಡಳು. ನೀನು ಓಡಿ ಬಂದ ದಿನ ನಾನು, "ಎಸೆದ ಕಲ್ಲು ಬಿದ್ದಲ್ಲೇ ಇರ್ಬೇಕು," ಎಂದು ಹೊಸಿಲಿನಿಂದಲೇ ನಿನ್ನನ್ನು ಆ ಮನೆಗೆ ವಾಪಸ್ ಕಳಿಸಿದ್ದೆ.

"ಒಳಗೆ ಬನ್ನಿ ಅಜ್ಜಿ," ಎಂದಳು ಆ ತಾಯಿ.

ನಾನು ಹೊರಗೇ ನಿಂತೆ.