ಅಪ್ಪನ ಮೇಲಂಗಿ, ಅಮ್ಮನ ಕೈ

ಮಾನ್ಯ ಕೀಟನಾಶಕ ಸುರಕ್ಷತಾ ಅಧಿಕಾರಿಗಳೇ,

ಈ ಬೆಳಿಗ್ಗೆ ಬಟ್ಟೆ ಒಣಹಾಕುವಾಗ ಅಮ್ಮ ಕ್ಲಿಪ್ಪನ್ನು ಹಲ್ಲಿನಿಂದ ಕಚ್ಚಿ ತೆರೆದಳು. ಬೆರಳುಗಳು ಈಗ ಅವಳ ಮಾತು ಕೇಳುವುದಿಲ್ಲ, ಪಾರ್ಕಿನ್ಸನ್ ಕಾಯಿಲೆ. ಅವಳ ಪರಿಹಾರದ ಅರ್ಜಿಯನ್ನು ನೀವು ಒಂದೇ ವಾಕ್ಯದಲ್ಲಿ ತಳ್ಳಿಹಾಕಿದ್ದೀರಿ: "ಅರ್ಜಿದಾರರು ಕೀಟನಾಶಕದ ಸಂಪರ್ಕಕ್ಕೆ ಬರುವ ಕೆಲಸದಲ್ಲಿ ಇರಲಿಲ್ಲ." ನಾನು ಸಾಹಿತ್ಯ ಓದಿದವಳು. ಇಷ್ಟು ಚಿಕ್ಕ ವಾಕ್ಯದಲ್ಲಿ ಇಷ್ಟು ದೊಡ್ಡ ಸುಳ್ಳನ್ನು ಹಿಡಿಸಿದ ನಿಮ್ಮ ಶೈಲಿಗೆ ತಲೆಬಾಗುತ್ತೇನೆ.

ಅಪ್ಪ ಹೂವಿನ ಹಸಿರುಮನೆಯಲ್ಲಿ ಕೀಟನಾಶಕ ಸಿಂಪಡಿಸುವವನು. ಅವನ ಕ್ಷೇಮಕ್ಕೆಂದು ನೀವೇ ನಿಯಮ ಮಾಡಿದಿರಿ: ಕೆಲಸಗಾರ ಮೇಲಂಗಿ ತೊಡಬೇಕು, ಅದನ್ನು ದಿನವೂ ಒಗೆಯಬೇಕು. ಯಾರು, ಎಲ್ಲಿ, ಯಾರ ಕೈಯಿಂದ ಎಂಬುದನ್ನು ಮಾತ್ರ ಬರೆಯಲಿಲ್ಲ. ಬಹುಶಃ ನಿಮ್ಮ ಮನೆಯಲ್ಲಿ ಬಟ್ಟೆಗಳು ತಾವಾಗಿಯೇ ಒಗೆದುಕೊಳ್ಳುತ್ತವೆ. ನಮ್ಮಲ್ಲಿ ಅಮ್ಮ ಒಗೆದಳು. ನಾನು ಹುಟ್ಟುವ ಮೊದಲಿನಿಂದ, ಕಿಟಕಿಯಿಲ್ಲದ ಬಚ್ಚಲಿನಲ್ಲಿ, ಬಿಸಿನೀರಿನ ಹಬೆಯಲ್ಲಿ, ಬರಿಗೈಯಿಂದ. ಕಾಲರಿಗೆ ಅಂಟಿದ ಪುಡಿಯನ್ನು ಉಗುರಿನಿಂದ ಕೆರೆಯುತ್ತಿದ್ದಳು. ವಾಸನೆ ಹೋಯಿತೇ ಎಂದು ಮೂಗಿಗೆ ಹಿಡಿದು ನೋಡುತ್ತಿದ್ದಳು.

ಕಾಯಿಲೆಯ ಹೆಸರು ಕೇಳಿದ ದಿನ ಅಪ್ಪ ಆಸ್ಪತ್ರೆಯ ಮೆಟ್ಟಿಲ ಮೇಲೇ ಕುಳಿತುಬಿಟ್ಟ. "ಔಷಧಿ ಹೊಡೆದೋನು ನಾನು. ನಡುಗ್ತಿರೋಳು ಇವಳು."

"ಕಷ್ಟಸುಖ ಅರ್ಧ ಅರ್ಧ ಅಂದಿದ್ರಿ. ಇದೊಂದನ್ನ ಪೂರ್ತಿ ನಂಗೇ ಕೊಟ್ರಿ," ಎಂದಳು ಅಮ್ಮ. ಅಪ್ಪ ನಗಲಿಲ್ಲ.

ನಿಮ್ಮ ಗುಮಾಸ್ತರು ನನಗೆ ಬುದ್ಧಿ ಹೇಳಿದರು: "ತೋಟಕ್ಕೇ ಕಾಲಿಡದೋರಿಗೆ ತೋಟದ ಕಾಯಿಲೆ ಹೇಗಮ್ಮಾ ಬರುತ್ತೆ? ವಯಸ್ಸಾಯ್ತು, ಅಷ್ಟೇ." ಅಮ್ಮನಿಗೆ ಇನ್ನೂ ಐವತ್ತು ತುಂಬಿಲ್ಲ. ನಾನು ಎಂದಿನಂತೆ ತಲೆ ತಗ್ಗಿಸಿ ಹೊರಬಂದೆ. ಉತ್ತರ ಹೊಳೆದದ್ದು ಬಸ್ಸಿನಲ್ಲಿ: ಅಮ್ಮ ತೋಟಕ್ಕೆ ಹೋಗಲಿಲ್ಲ, ತೋಟವೇ ಮೇಲಂಗಿಯಲ್ಲಿ ಮನೆಗೆ ಬಂತು.

ಅಮ್ಮನೊಬ್ಬಳ ಕಾಯಿಲೆಗೆ ಇದೇ ಕಾರಣವೆಂದು ಆಣೆ ಮಾಡಿ ಹೇಳಲಾಗದು ಎಂದು ಅವಳನ್ನು ನೋಡುವ ನರರೋಗದ ವೈದ್ಯೆಯೂ ಒಪ್ಪುತ್ತಾರೆ. ಆದರೆ ಕೆಲವು ಕೀಟನಾಶಕಗಳ ಒಡನಾಟದಲ್ಲಿ ಬದುಕಿದವರಲ್ಲಿ ಈ ರೋಗ ಹೆಚ್ಚು ಕಾಣುತ್ತದೆ ಎಂದೂ ಹೇಳುತ್ತಾರೆ. ಅನುಮಾನದ ಲಾಭ ವಿಷಕ್ಕೇ ಏಕೆ ಸಿಗಬೇಕು? ಅಪ್ಪನ ಮೈಗೆ ತಾಗಬಾರದೆಂದು ನೀವು ಒಗೆಸಿದ ಪದಾರ್ಥ, ಅಮ್ಮನ ಕೈಗೆ ಬಂದೊಡನೆ ಸಾಧುವಾಯಿತೇ?

ಈಗಲೂ ಅವಳೇ ಒಗೆಯುತ್ತಾಳೆ. ನಾನು ಬಕೆಟ್ಟಿಗೆ ಕೈ ಹಾಕಿದರೆ ತಳ್ಳುತ್ತಾಳೆ: "ಬಿಡೇ, ನಿಂದು ಬರೆಯೋ ಕೈ."

ಒಗೆದವರನ್ನೂ ಸಂಪರ್ಕಕ್ಕೆ ಬಂದವರೆಂದು ಒಪ್ಪಿಕೊಳ್ಳಿ. ಅಮ್ಮನ ಅರ್ಜಿಯನ್ನು ಮತ್ತೆ ತೆರೆಯಿರಿ. ಮೇಲಂಗಿಗಳು ಹಸಿರುಮನೆಯ ಗೇಟು ದಾಟದಂತೆ, ಅಲ್ಲೇ ಯಂತ್ರದಲ್ಲಿ ಒಗೆಯುವಂತೆ ಆದೇಶ ಹೊರಡಿಸಿ.

ನಿನ್ನೆಯ ಮೇಲಂಗಿಯನ್ನು ಅಮ್ಮನಿಗೆ ಕಾಣದಂತೆ ತೆಗೆದು ಚೀಲದಲ್ಲಿ ಕಟ್ಟಿಟ್ಟಿದ್ದೇನೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಸೋಮವಾರ ಅದನ್ನು ನಿಮ್ಮ ಮೇಜಿಗೆ ತರುತ್ತೇನೆ. ಅದನ್ನು ಮುಟ್ಟುವುದು ಸಂಪರ್ಕವೇ ಅಲ್ಲ ಎಂದವರು ನೀವು. ಬರಿಗೈಯಲ್ಲಿ ಬಿಚ್ಚಿ ತೋರಿಸಿ. ನೀವು ಬಿಚ್ಚುವವರೆಗೂ ಎದುರಿನ ಕುರ್ಚಿಯಿಂದ ನಾನು ಏಳುವುದಿಲ್ಲ.

ಇಂತಿ,
ನಿಮ್ಮ ನಿಯಮದಲ್ಲಿ ಎಲ್ಲೂ ಇಲ್ಲದ ಒಗೆಯುವವಳ ಮಗಳು