ನಲವತ್ತೇಳನೇ ನಂಬರಿನ ಅಂಗಿ

ಪ್ರೀತಿಯ ಅಪ್ಪನಿಗೆ,

"ಹಾಸ್ಟೆಲಿಗೆ ಕಳಿಸಿ ತಪ್ಪು ಮಾಡಿದ್ನಾ ಮಗಳೇ?" ಎಂದು ಒಂದೇ ಪತ್ರದಲ್ಲಿ ಮೂರು ಸಲ ಕೇಳಿದ್ದೀಯ. ಹೊಲಿಗೆ ಮಷಿನ್ ಮುಂದೆ ಸುಮ್ಮನೆ ಕೂತಿರುತ್ತೀಯಂತೆ, ಅಮ್ಮ ಬರೆದಿದ್ದಾಳೆ.

ಇಲ್ಲಿ ಕಿತ್ತುಹೋದ ಗುಂಡಿ ಹೊಲಿಯಲು ಬರುವುದು ನನಗೊಬ್ಬಳಿಗೇ. ಭಾನುವಾರ ನನ್ನ ಮಂಚದ ಮುಂದೆ ದೊಡ್ಡ ಸಾಲು. "ಟೈಲರಮ್ಮಾ, ನಂದು ಮೊದ್ಲು!" ಎಂದು ದೊಡ್ಡ ಕ್ಲಾಸಿನವರೂ ಗೋಗರೆಯುತ್ತಾರೆ. ನಾನು ಥೇಟ್ ನಿನ್ನ ಹಾಗೆಯೇ "ನಾಳೆ ಬನ್ನಿ" ಅನ್ನುತ್ತೇನೆ.

ಶಾಲೆಯವರು ಹೇಳಿದರೆಂದು ನನ್ನ ಬಟ್ಟೆಗಳಿಗೆಲ್ಲ ನನ್ನ ಹಾಸ್ಟೆಲ್ ನಂಬರ್ ನಲವತ್ತೇಳು ಎಂದು ಹೊಲಿಯುವ ಭರದಲ್ಲಿ, ನಿನ್ನ ನೀಲಿ ಅಂಗಿಗೂ ಹೊಲಿದು ನನ್ನ ಟ್ರಂಕಿಗೆ ತುಂಬಿಬಿಟ್ಟಿದ್ದೀಯ. ಅಳತೆ ತಪ್ಪದ ಟೈಲರ್ ಅಂತೆ ನೀನು! ಮೊದಲ ವಾರವೆಲ್ಲ ಅದನ್ನು ದಿಂಬಿಗೆ ಸುತ್ತಿಕೊಂಡು ಮಲಗುತ್ತಿದ್ದೆ. ಈಗ ಮಡಚಿಟ್ಟಿದ್ದೇನೆ, ದಿನಾ ಬೇಕಾಗುವುದಿಲ್ಲ.

ಕಪ್ಪು ದಾರ ಮುಗಿದಿದೆ, ಎರಡು ರೀಲು ಕಳಿಸು.

ಅಂಗಿ ವಾಪಸ್ ಕಳಿಸು ಎಂದಿದ್ದೀಯ. ಅದು ಮಾತ್ರ ಆಗುವುದಿಲ್ಲ ಅಪ್ಪಾ. ವಾರ್ಡನ್ ಮೇಡಂ ಕಟ್ಟುನಿಟ್ಟಾಗಿ ಹೇಳಿದ್ದಾರೆ: "ಬಟ್ಟೆ ಮೇಲೆ ಯಾರ ನಂಬರ್ ಇದ್ಯೋ, ಅದು ಅವರದ್ದೇ." ನೀನು ಬೇರೆ ಹೊಲಿದುಕೋ.

ನಿನ್ನ ಮಗಳು,
ನಲವತ್ತೇಳು